ಗಾಳಿಕುಂಚ ಮತ್ತು ಅಪ್ಪನ ಹೆಬ್ಬೆರಳು

"ಎಂಟು ಸಾವಿರ ರೂಪಾಯಿ ಕೊಟ್ಟು ಇನ್ನೊಂದು ಪೀಪಿ ತರುತ್ತೀರಾ?"

ನನ್ನ ಮಡದಿ ಈ ಪ್ರಶ್ನೆಯನ್ನು ಕೇಳಿದಾಗ ಆಕೆಯ ಕೈಯಲ್ಲಿ ಕಾಫಿ ಫಿಲ್ಟರಿನ ಮೇಲಿನ ಬಟ್ಟಲಿತ್ತು. ಚರಟವನ್ನು ಉದುರಿಸಲು ಆಕೆ ಅದನ್ನು ಕುಟ್ಟಿದ ರಭಸದಿಂದಲೇ ನಾನು ಯಾವ ಉತ್ತರವನ್ನು ಕೊಡಬೇಕೆಂಬುದು ನನಗೆ ತಿಳಿದುಹೋಯಿತು. ಮನೆಯ ಗ್ರೈಂಡರು ಮೂರು ತಿಂಗಳಿಂದ ಕರಕರನೆ ಅಳುತ್ತಿದ್ದಿತು. ದೋಸೆಯ ಹಿಟ್ಟಿನಲ್ಲಿ ಅಕ್ಕಿಯ ನುಚ್ಚು ಹಾಗೆಯೇ ಸಿಕ್ಕುತ್ತಿದ್ದಿತು. ಇಂಥ ಸಂಸಾರದಲ್ಲಿ ಅರವತ್ತೈದು ವರ್ಷದ ನಿವೃತ್ತ ಗುಮಾಸ್ತನೊಬ್ಬನು ಅಂಗೈಯಗಲದ ಆಟದ ವಿಮಾನಕ್ಕೆ ಬಣ್ಣ ಹಚ್ಚುವ ಸಲುವಾಗಿ ಎಂಟು ಸಾವಿರ ಕೇಳುವುದೆಂದರೆ, ನ್ಯಾಯಸ್ಥಾನದಲ್ಲಿ ನಿಲ್ಲುವ ವಾದವಲ್ಲ.

ಆಕೆ ಪೀಪಿಯೆಂದು ಕರೆದ ವಸ್ತುವಿಗೆ ಪೇಟೆಯಲ್ಲಿ ಏರ್ ಬ್ರಷ್ ಎಂದು ಹೆಸರು. ನಾನು ಅದನ್ನು ಗಾಳಿಕುಂಚವೆಂದು ಕರೆದುಕೊಂಡಿದ್ದೇನೆ. ಪಂಡಿತರು ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ಪೀಪಿಯೇ ಇರಲಿ.

ಇದೆಲ್ಲ ಪ್ರಾರಂಭವಾದದ್ದು ೨೦೨೩ರ ದೀಪಾವಳಿಗೆ. ಇಂಗ್ಲೆಂಡಿನಲ್ಲಿರುವ ನನ್ನ ಮಗ ಹಬ್ಬಕ್ಕೆ ಬಂದವನು ಒಂದು ರಟ್ಟಿನ ಪೆಟ್ಟಿಗೆಯನ್ನು ತಂದಿದ್ದನು. ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು ಮಾಡಬೇಕಾದ ವಿಮಾನದ ಪ್ರತಿಕೃತಿ ಅದು. ಅಳತೆ ಎಪ್ಪತ್ತೆರಡರಲ್ಲಿ ಒಂದು ಪಾಲು. "ತಾತ, ನಿಮ್ಮ ವ್ಯಾಂಪೈರ್ ತಂದಿದ್ದೇನೆ" ಎಂದು ಅವನು ನನ್ನ ತಂದೆಯವರ ಮಡಿಲಿನಲ್ಲಿ ಆ ಪೆಟ್ಟಿಗೆಯನ್ನಿಟ್ಟನು.

ಅಪ್ಪನಿಗೆ ಆಗ ತೊಂಬತ್ತು ವರ್ಷ. ಕಣ್ಣಿನ ನಡುಭಾಗದ ದೃಷ್ಟಿ ಹೋಗಿ ಅಂಚಿನದು ಮಾತ್ರ ಉಳಿದಿತ್ತು. "ನಿನ್ನ ಮುಖ ಕಾಣುವುದಿಲ್ಲವಪ್ಪ, ಕಿವಿ ಕಾಣುತ್ತದೆ" ಎಂದು ನಗುತ್ತಿದ್ದವರು, ೨೦೨೧ರಲ್ಲಿ ಅಮ್ಮ ತೀರಿಕೊಂಡ ಮೇಲೆ ಆ ನಗೆಯನ್ನೂ ಬಿಟ್ಟಿದ್ದರು. ಬೆಳಗಿನಿಂದ ಸಂಜೆಯವರೆಗೆ ಕಿಟಕಿಯ ಪಕ್ಕದಲ್ಲಿ ರೇಡಿಯೋ ಹಚ್ಚಿಕೊಂಡು ಕುಳಿತಿರುವರು. ಅದರಲ್ಲಿ ಏನು ಬರುತ್ತಿದೆಯೆಂದು ಕೇಳಿದರೆ ಅವರಿಗೇ ತಿಳಿಯದು. ಊಟಕ್ಕೆ ಕರೆದರೆ ಬರುವರು. ಬೇಕೆಂದು ಏನನ್ನೂ ಕೇಳರು. ಆ ದಿನ ವ್ಯಾಂಪೈರ್ ಎಂಬ ಮಾತು ಕಿವಿಗೆ ಬಿದ್ದೊಡನೆ ಅವರು ಕೈನೀಡಿ ರೇಡಿಯೋದ ಸದ್ದನ್ನು ತಗ್ಗಿಸಿದರು.

ಅಪ್ಪ ೧೯೫೩ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಬೆಂಗಳೂರಿನ ವಿಮಾನ ಕಾರ್ಖಾನೆಗೆ ಸೇರಿದವರು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ೧೯೪೦ರಲ್ಲಿ ತೆರೆದ ಆ ಕಾರ್ಖಾನೆಗೆ ಅಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಹೆಸರಿತ್ತು. ೧೯೬೪ರಲ್ಲಿ ಅದು ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ಅಪ್ಪನ ಕೆಲಸ ಬಣ್ಣದ ವಿಭಾಗದಲ್ಲಿ. ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪನಿಯ ಪರವಾನಗಿಯ ಮೇರೆಗೆ ವ್ಯಾಂಪೈರ್ ಜೆಟ್ ವಿಮಾನಗಳು ಇಲ್ಲಿಯೇ ತಯಾರಾಗುತ್ತಿದ್ದ ಕಾಲ ಅದು. ನಮ್ಮ ವಾಯುಸೇನೆಗೆ ೧೯೪೮ರಲ್ಲಿ ಬಂದ ಮೊದಲನೆಯ ಜೆಟ್ ವಿಮಾನವೂ ವ್ಯಾಂಪೈರೇ. ವಿಚಿತ್ರವಾದ ಆಕೃತಿ: ಮುಂದೆ ಮೊಟ್ಟೆಯಂಥ ಗಿಡ್ಡ ಒಡಲು, ಹಿಂದಕ್ಕೆ ಎರಡು ತೆಳ್ಳನೆಯ ದಂಡಗಳು, ಅವುಗಳನ್ನು ಕೂಡಿಸುವ ಒಂದು ಪಟ್ಟಿ. ಇನ್ನೂ ವಿಚಿತ್ರವೆಂದರೆ, ಪೈಲಟ್ ಕೂರುವ ಆ ಮೊಟ್ಟೆಯನ್ನು ಮಾಡಿದ್ದು ಮರದಿಂದ! ಎರಡು ಪದರ ಪ್ಲೈವುಡ್ಡಿನ ನಡುವೆ ಹಗುರವಾದ ಬಾಲ್ಸಾ ಮರವನ್ನಿಟ್ಟು ಅಚ್ಚಿನಲ್ಲಿ ಒತ್ತಿ, ಮೇಲೆ ಬಟ್ಟೆಯನ್ನು ಬಿಗಿದು, ಅದರ ಮೇಲೆ ಬಣ್ಣವನ್ನು ಕೊಡುತ್ತಿದ್ದರು. ಜೆಟ್ ಯುಗದ ವಿಮಾನ, ಒಳಗೆ ನಮ್ಮಜ್ಜಿಯ ಸಂದೂಕ!

"ಬೇರೆ ವಿಮಾನಕ್ಕೆ ಬಣ್ಣವೆಂದರೆ ಅಂಗಿ. ಇದಕ್ಕೆ ಬಣ್ಣವೆಂದರೆ ಚರ್ಮ" ಎಂದು ಅಪ್ಪ ನಾನು ಚಿಕ್ಕವನಿದ್ದಾಗ ಹೇಳುತ್ತಿದ್ದದ್ದು ನನಗೆ ನೆನಪಿದೆ. ೧೯೬೫ರ ಸೆಪ್ಟೆಂಬರ್ ಒಂದರ ಸಂಜೆ ಛಾಂಬ್ ರಣರಂಗದಲ್ಲಿ ನಾಲ್ಕು ವ್ಯಾಂಪೈರ್ ವಿಮಾನಗಳು ಶತ್ರುವಿನ ದಾಳಿಗೆ ಬಲಿಯಾದವು. ಆ ಮುದಿ ವಿಮಾನಗಳನ್ನು ಆಮೇಲೆ ಮುಂಚೂಣಿಯಿಂದ ಹಿಂದಕ್ಕೆ ಕರೆಸಲಾಯಿತು. ಆ ಬಳಿಕ ಅಪ್ಪ ಅದರ ಮಾತನ್ನು ಎತ್ತಿದ್ದು ಕಡಮೆ.

ಮಗ ಊರಿಗೆ ಹೊರಟುಹೋದನು. ಪೆಟ್ಟಿಗೆ ನನ್ನ ಪಾಲಿಗೆ ಉಳಿಯಿತು. ಮಗಳ ಮಗಳು ಪುಟ್ಟಿ—ಹನ್ನೊಂದು ವರ್ಷದವಳು, ಭಾನುವಾರಗಳಲ್ಲಿ ನಮ್ಮ ಮನೆಯ ಸರ್ವಾಧಿಕಾರಿ—ಮತ್ತು ನಾನು ಸೇರಿ ಮೂರು ವಾರಗಳಲ್ಲಿ ಅದನ್ನು ಜೋಡಿಸಿದೆವು. ರೆಕ್ಕೆಯ ತುದಿಯಿಂದ ತುದಿಗೆ ಹದಿನಾರು ಸೆಂಟಿಮೀಟರು. ಒಂದು ದೋಸೆಗಿಂತ ಚಿಕ್ಕದು. ಬೆಳ್ಳಿಯ ಬಣ್ಣವೊಂದನ್ನು ತಂದು, ಒಳ್ಳೆಯ ಕೂದಲಿನ ಕುಂಚದಿಂದ, ಉಸಿರು ಬಿಗಿಹಿಡಿದು ಬಳಿದೆನು. ಒಣಗಿದ ಮೇಲೆ ಅಪ್ಪನ ಕೈಗೆ ಕೊಟ್ಟೆನು. ಅವರು ಹೆಬ್ಬೆರಳನ್ನು ರೆಕ್ಕೆಯ ಮೇಲೆ ಒಂದೇ ಒಂದು ಸಲ ಎಳೆದರು.

"ಸುಣ್ಣ ಹೊಡೆದೆಯೇನೋ?" ಎಂದರು.

ಎರಡು ವರ್ಷಗಳಲ್ಲಿ ಅವರು ತಾವಾಗಿಯೇ ನನ್ನನ್ನು ಕೇಳಿದ ಮೊದಲನೆಯ ಪ್ರಶ್ನೆ ಅದು. ನನಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಅವರು ಹೇಳಿದ್ದು ನಿಜವೂ ಹೌದು. ಬೆಳ್ಳಿಯ ಬಣ್ಣದಲ್ಲಿರುವುದು ಲೋಹದ ಸಣ್ಣ ಸಣ್ಣ ಹೊಪ್ಪಳೆಗಳು. ಕುಂಚವು ಎಳೆದ ಕಡೆಗೆ ಅವು ಸಾಲಾಗಿ ಮಲಗಿ, ಬೆಳಕಿಗೆ ಹಿಡಿದರೆ ಹೊಸದಾಗಿ ಗುಡಿಸಿದ ಅಂಗಳದಲ್ಲಿ ಪೊರಕೆಯ ಗೆರೆಗಳು ತೋರುವಂತೆ ತೋರುತ್ತವೆ. ಕುಂಚವು ಮುಟ್ಟದೆ, ಮಂಜಿನಂತೆ ಬಂದು ಕುಳಿತರೆ ಮಾತ್ರ ಬೆಳ್ಳಿ ಬೆಳ್ಳಿಯಾಗುವುದು. ಅಂತು ನನಗೆ ಗಾಳಿಕುಂಚ ಬೇಕಾಯಿತು.

ಈ ಉಪಕರಣ ಹೊಸದೇನೂ ಅಲ್ಲ. ಅಮೆರಿಕದ ಅಯೋವಾ ಪ್ರಾಂತದ ಆಬ್ನರ್ ಪೀಲರ್ ಎಂಬಾತನು ೧೮೭೦ರ ದಶಕದಲ್ಲಿಯೇ ಇದರ ಮೂಲ ರೂಪವನ್ನು ಕಟ್ಟಿದನು. ಛಾಯಾಚಿತ್ರಗಳ ಲೋಪವನ್ನು ತಿದ್ದುವವರು ಇದನ್ನು ಬಹುಕಾಲ ಬಳಸುತ್ತಿದ್ದರು. ನೋಡಲು ದಪ್ಪನೆಯ ಫೌಂಟನ್ ಪೆನ್ನು. ಒಳಗೆ ಉದ್ದಕ್ಕೂ ಒಂದು ಸೂಜಿ. ತುದಿಯಲ್ಲಿ ಸಾಸಿವೆಗಿಂತ ಸಣ್ಣ ರಂಧ್ರದ ಮೂತಿ. ಗಾಳಿಯು ಆ ಮೂತಿಯ ಸುತ್ತ ವೇಗವಾಗಿ ಹಾಯುವಾಗ ಅಲ್ಲಿ ಒತ್ತಡ ಇಳಿದು, ಬಣ್ಣವು ತಾನಾಗಿ ಹೊರಕ್ಕೆ ಸೆಳೆಯಲ್ಪಟ್ಟು ಪುಡಿಪುಡಿಯಾಗಿ ಹಾರುತ್ತದೆ. ಇಷ್ಟೇ ತತ್ತ್ವ.

ಕೊಳ್ಳಲು ಹೊರಟಾಗ ಮಾತ್ರ ತಲೆ ತಿರುಗಿತು. ಒಂದು ಜಾತಿಯಲ್ಲಿ ಗುಂಡಿಯನ್ನು ಒತ್ತಿದರೆ ಗಾಳಿ, ಬಣ್ಣ ಎರಡೂ ಒಟ್ಟಿಗೆ ಬರುವುವು. ಬಣ್ಣದ ಪ್ರಮಾಣವನ್ನು ತಿರುಪಿನಿಂದ ಮೊದಲೇ ನಿಗದಿ ಮಾಡಿಕೊಂಡಿರಬೇಕು. ಇನ್ನೊಂದರಲ್ಲಿ ಗುಂಡಿಯನ್ನು ಕೆಳಕ್ಕೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಎರಡನೆಯದನ್ನು ಕಲಿಯುವುದು ಕಷ್ಟ, ಆದರೆ ಕಲಿತ ಮೇಲೆ ಮೊದಲನೆಯದನ್ನು ಯಾರೂ ಕೈಯಲ್ಲಿ ಹಿಡಿಯರು. ಬಣ್ಣದ ಬಟ್ಟಲು ಮೇಲಿರುವವು, ಸೀಸೆ ಕೆಳಗೆ ತೂಗುವವು ಎಂದು ಮತ್ತೊಂದು ಭೇದ. ಕೆಳಗಿರುವ ಬಣ್ಣವನ್ನು ಮೇಲಕ್ಕೆ ಎಳೆಯಲು ಹೆಚ್ಚು ಗಾಳಿ ಬೇಕು. ಮೇಲಿನ ಬಟ್ಟಲಿನ ಬಣ್ಣ ತಾನೇ ಇಳಿಯುತ್ತದೆ, ನಾಲ್ಕು ಹನಿಯಲ್ಲಿ ಕೆಲಸ ಮುಗಿಯುತ್ತದೆ. ಚಿಕ್ಕ ವಿಮಾನಕ್ಕೆ ಮೇಲಿನ ಬಟ್ಟಲೇ ಸರಿ. ಇನ್ನು ಮೂತಿಯ ರಂಧ್ರ: ೦.೨ ಮಿಲಿಮೀಟರಿನದು ಕೂದಲೆಳೆಯಂಥ ಗೆರೆಯನ್ನು ಎಳೆಯುವುದಾದರೂ ಮಾತುಮಾತಿಗೆ ಕಟ್ಟಿಕೊಳ್ಳುತ್ತದೆ, ೦.೫ ಉದಾರಿ, ಬೇಗ ಮುಗಿಸುತ್ತದೆ, ಸೂಕ್ಷ್ಮ ತಿಳಿಯದು. ನಡುವಣ ೦.೩ ಸಂಸಾರಸ್ಥರಿಗೆ ತಕ್ಕದ್ದು.

ಬೆಲೆಯಲ್ಲಿ ಎರಡು ಲೋಕಗಳು. ಜಪಾನಿನ ಇವಾಟಾ, ಜರ್ಮನಿಯ ಹಾರ್ಡರ್ ಆಂಡ್ ಸ್ಟೀನ್‌ಬೆಕ್, ಅಮೆರಿಕದ ಬ್ಯಾಜರ್ ಮತ್ತು ಪಾಶ ಇವು ಹೆಸರಾಂತ ಮನೆತನದವು. ಅವುಗಳನ್ನು ನೋಡಿ ಮಾಡಿದ, ಗೋತ್ರವಿಲ್ಲದ ಚೀನೀ ಪೆನ್ನುಗಳು ಇನ್ನೊಂದು ಕಡೆ. ನಾನು ಸಾವಿರದ ಆರುನೂರು ರೂಪಾಯಿ ಕೊಟ್ಟು ಗೋತ್ರವಿಲ್ಲದ್ದನ್ನೇ ತಂದೆನು. ಗಾಳಿಗೆ ಏನು ಮಾಡುವುದು? ಪಕ್ಕದ ಬೀದಿಯ ಪಂಕ್ಚರ್ ಅಂಗಡಿಯಲ್ಲಿ ಹಳೆಯ ಕಾರಿನ ಟ್ಯೂಬೊಂದನ್ನು ಪಡೆದು, ಗಾಳಿ ತುಂಬಿಸಿ, ಕೊಳವೆಯನ್ನು ಸಿಕ್ಕಿಸಿ ಹೆಗಲಿಗೆ ಹಾಕಿಕೊಂಡು ಬಂದೆನು. ಹಿಂದೆ ಅನೇಕ ಹವ್ಯಾಸಿಗಳು ಹೀಗೆಯೇ ಮಾಡಿದ್ದುಂಟು. ಹಾವನ್ನು ಸುತ್ತಿಕೊಂಡ ಪರಶಿವನಂತೆ ನಾನು ಬಾಗಿಲಲ್ಲಿ ನಿಂತಾಗ ನನ್ನಾಕೆ ಮಾತಾಡಲಿಲ್ಲ, ಒಳಗೆ ಹೋಗಿ ನಕ್ಕಳು.

ಫಲಿತಾಂಶವನ್ನು ವರ್ಣಿಸಲಾರೆ. ಮೊದಲು ಬಿರುಗಾಳಿಯಂತೆ ಬಂದ ಬಣ್ಣವು ಐದು ನಿಮಿಷದಲ್ಲಿ ನಿಟ್ಟುಸಿರಾಯಿತು. ನಡುನಡುವೆ ನೀರಿನ ಹನಿ. ಪೆನ್ನು ಎಲೆಯಡಿಕೆ ಮೆಲ್ಲುವ ಮುದುಕಿಯಂತೆ ಪಚಕ್ಕನೆ ಉಗುಳತೊಡಗಿತು. ಬಣ್ಣವು ನೇರವಾಗಿ ಹೋಗದೆ ಎಡಕ್ಕೆ ವಾಲಿತು. ಹೊಡೆದದ್ದನ್ನು ಒರೆಸಿ ಮತ್ತೆ ಹೊಡೆದೆನು, ಮತ್ತೆ ಒರೆಸಿದೆನು. ಅಗ್ಗದ ಮಾಲು ಅಗ್ಗದ ಮಾಲೇ ಎಂದು ತೀರ್ಮಾನಿಸಿ, ಎಂಟು ಸಾವಿರದ ಜಪಾನೀ ಪೆನ್ನಿನ ಮೇಲೆ ಕಣ್ಣಿಟ್ಟೆನು. ಕಾಫಿ ಫಿಲ್ಟರನ್ನು ಕುಟ್ಟಿದ ಪ್ರಸಂಗ ನಡೆದದ್ದು ಆಗ.

ನಮ್ಮ ವಾಗ್ವಾದವನ್ನು ಕಿಟಕಿಯ ಬಳಿಯಿಂದ ಕೇಳುತ್ತಿದ್ದ ಅಪ್ಪ, "ಅದನ್ನು ಇಲ್ಲಿ ಕೊಡು" ಎಂದರು.

ಕೊಟ್ಟೆನು. ಅವರು ಅದನ್ನು ಕಣ್ಣಿನ ಹತ್ತಿರಕ್ಕೆ ಒಯ್ಯಲಿಲ್ಲ. ಹಿಂಬದಿಯ ಹಿಡಿಯನ್ನು ತಿರುಗಿಸಿ ಬಿಚ್ಚಿದರು; ಕತ್ತಿನ ತಿರುಪನ್ನು ಸಡಿಲಿಸಿ ಸೂಜಿಯನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡರು. ಯಾರೂ ಹೇಳಿಕೊಡದೆ, ಆ ಬೆರಳುಗಳಿಗೆ ದಾರಿ ತಿಳಿದಿತ್ತು. ಕಾರ್ಖಾನೆಯ ದೊಡ್ಡ ಗನ್ನಿಗೂ ಈ ಪೀಪಿಗೂ ಒಳಗಿನ ವ್ಯವಸ್ಥೆ ಒಂದೇ ಎಂಬುದು ನನಗೆ ಹೊಳೆದಿರಲೇ ಇಲ್ಲ. "ಒಂದು ಗಾಜು ತಾ" ಎಂದರು. ಗೋಡೆಯ ಮೇಲಿನ ಪಟವೊಂದನ್ನು ಇಳಿಸಿ ಕೊಟ್ಟೆನು. ಅದರ ಗಾಜಿನ ಮೇಲೆ ಸೂಜಿಯನ್ನಿಟ್ಟು ಅಂಗೈಯಿಂದ ಉರುಳಿಸಿ, ಕಿವಿಯನ್ನು ಹತ್ತಿರ ತಂದರು. ಟಿಕ್, ಟಿಕ್, ಟಿಕ್ ಎಂದು ಒಂದೊಂದು ಸುತ್ತಿಗೆ ಒಂದೊಂದು ಸದ್ದು.

"ಕೆಳಗೆ ಬೀಳಿಸಿದ್ದೆಯಾ?"

ಬೀಳಿಸಿದ್ದೆನು. ತಂದ ದಿನವೇ, ಪುಟ್ಟಿಗೆ ತೋರಿಸುವ ಉತ್ಸಾಹದಲ್ಲಿ. ಯಾರಿಗೂ ಹೇಳಿರಲಿಲ್ಲ.

"ತುದಿ ಕೊಕ್ಕೆಯಾಗಿದೆ. ಬಣ್ಣ ಆ ಕೊಕ್ಕೆಯಲ್ಲಿ ಕೂತು ಒಣಗಿ, ಆಮೇಲೆ ಉಗುಳುತ್ತದೆ. ಇದು ಪೆನ್ನಿನ ತಪ್ಪಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂಟು ಸಾವಿರದ್ದನ್ನು ತಂದು ಬೀಳಿಸಿದರೂ ಹೀಗೆಯೇ ಆಗುತ್ತದೆ" ಎಂದು ಸೇರಿಸಿದರು. ನನ್ನಾಕೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಈ ಮಾತನ್ನು ಬಹಳ ಶ್ರದ್ಧೆಯಿಂದ ಕೇಳಿದಳು.

ಅತಿ ನುಣುಪಾದ ಎಮರಿ ಕಾಗದದ ತುಂಡೊಂದನ್ನು ಗಾಜಿನ ಮೇಲೆ ಹರಡಿ, ಸೂಜಿಯನ್ನು ಬೆರಳುಗಳ ನಡುವೆ ತಿರುಗಿಸುತ್ತ, ಓರೆಯಾಗಿ ಹಿಂದಕ್ಕೆ ಎಳೆಯುತ್ತ ಅವರು ಅದನ್ನು ಸರಿಪಡಿಸಿದರು. ಎಳೆಯುವುದೇ ಹೊರತು ತಳ್ಳುವಂತಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ರೇಡಿಯೋ ಮುಚ್ಚಿತ್ತು. ಅದನ್ನು ಮುಚ್ಚಿದವರು ಯಾರೆಂದು ನಾನು ನೋಡಲಿಲ್ಲ.

ಅನಂತರ ಬಟ್ಟಲಿಗೆ ಶುದ್ಧವಾದ ನೀರು ಹಾಕಿಸಿದರು. ಗಾಳಿ ಬಿಟ್ಟಾಗ ಬಟ್ಟಲಿನಲ್ಲಿ ಗುಳ್ಳೆಗಳೆದ್ದರೆ ಮೂತಿ ಸರಿಯಾಗಿ ಕುಳಿತಿಲ್ಲವೆಂದು ಅರ್ಥ. ಗುಳ್ಳೆ ಏಳಲಿಲ್ಲ. ಆದರೆ ಟ್ಯೂಬಿನ ಗಾಳಿಯ ಸದ್ದು ಕುಗ್ಗುತ್ತ ಹೋದುದನ್ನು ಕೇಳಿ ಅವರು ತಲೆಯಾಡಿಸಿದರು. "ಪೆನ್ನು ಸಾಕು. ಗಾಳಿ ಸಾಲದು. ನನ್ನ ಖಾತೆಯಿಂದ ದುಡ್ಡು ತೆಗೆದುಕೊಂಡು ಒಂದು ಕಂಪ್ರೆಸರ್ ತಾ."

ಎರಡು ವರ್ಷಗಳಲ್ಲಿ ಅವರು ಬೇಕೆಂದು ಕೇಳಿದ ಮೊದಲನೆಯ ವಸ್ತು ಅದು. ನನ್ನಾಕೆ ಗ್ರೈಂಡರಿನ ಮಾತನ್ನೆತ್ತಲಿಲ್ಲ. "ಮಾವನವರ ದುಡ್ಡು ಬೇಡ. ಚೀಟಿಯ ಹಣ ಬಂದಿದೆ, ನಾನೇ ಕೊಡುತ್ತೇನೆ" ಎಂದಳು.

ಇದೇ ದಾರಿಯಲ್ಲಿ ಹೊರಟಿರುವ ಓದುಗರಿದ್ದರೆ ಒಂದು ಮಾತು. ಕೈಯಲ್ಲಿರುವ ಹಣ ಹತ್ತು ಸಾವಿರವಾದರೆ ಅದರ ಹೆಚ್ಚಿನ ಪಾಲನ್ನು ಪೆನ್ನಿಗೆ ಸುರಿಯಬೇಡಿ, ಗಾಳಿಗೆ ಸುರಿಯಿರಿ. ತೊಟ್ಟಿಯಿಲ್ಲದ ಪುಟ್ಟ ಕಂಪ್ರೆಸರುಗಳು ಅಗ್ಗವೇ. ಆದರೆ ಅವುಗಳ ಗಾಳಿ ನಾಡಿಯಂತೆ ಮಿಡಿಯುತ್ತದೆ, ಆ ಮಿಡಿತ ಬಣ್ಣದಲ್ಲಿ ಮೂಡುತ್ತದೆ. ಬ್ಯಾಟರಿಯ ಮೇಲೆ ನಡೆಯುವ ಕೈಯಳತೆಯವುಗಳ ಪಾಡೂ ಅದೇ. ಡಬ್ಬಿಯಲ್ಲಿ ಸಿಗುವ ಒತ್ತಿದ ಅನಿಲವು ಬಳಸುತ್ತಿದ್ದಂತೆ ತಣ್ಣಗಾಗಿ ಬಲಗುಂದುತ್ತದೆ. ಡಬ್ಬಿಯ ಮೇಲೆ ಡಬ್ಬಿ ಕೊಂಡವನು ಕೊನೆಗೆ ಕಂಪ್ರೆಸರಿನ ಬೆಲೆಯನ್ನೇ ತೆತ್ತಿರುತ್ತಾನೆ. ನಾನು ತಂದದ್ದು ಐದರಲ್ಲೊಂದು ಅಶ್ವಶಕ್ತಿಯದು, ಮೂರು ಲೀಟರಿನ ತೊಟ್ಟಿಯದು, ಎಂಟೂವರೆ ಸಾವಿರದ್ದು. ತೊಟ್ಟಿ ತುಂಬಿದೊಡನೆ ತಾನೇ ನಿಲ್ಲುತ್ತದೆ. ಒತ್ತಡವನ್ನು ಹಿಡಿದಿಡುವ ನಿಯಂತ್ರಕವೂ, ಗಾಳಿಯಲ್ಲಿನ ತೇವವನ್ನು ಹಿಡಿಯುವ ಗಾಜಿನ ಬುಡ್ಡಿಯೂ ಅದಕ್ಕಿವೆ. ಈ ಬುಡ್ಡಿ ಅಲಂಕಾರಕ್ಕಲ್ಲ. ಆಷಾಢದ ಜಡಿಮಳೆಯಲ್ಲಿ ಒಂದು ಮಧ್ಯಾಹ್ನ ಕೆಲಸ ಮಾಡಿದರೆ ತಳದಲ್ಲಿ ನೀರು ನಿಂತಿರುವುದನ್ನು ಕಣ್ಣಾರೆ ಕಾಣಬಹುದು. ಅದಿಲ್ಲದಿದ್ದರೆ ಆ ನೀರು ರೆಕ್ಕೆಯ ಮೇಲಿರುತ್ತಿತ್ತು.

ದೊಡ್ಡ ಮನೆತನದ ಪೆನ್ನುಗಳನ್ನು ನಾನು ಹಳಿಯುತ್ತಿಲ್ಲ. ಅವುಗಳ ಸೂಜಿ, ಮೂತಿಗಳು ಎಷ್ಟೋ ವರ್ಷದ ಮೇಲೂ ಬಿಡಿಯಾಗಿ ಸಿಗುತ್ತವೆ. ಅದೇ ಅವುಗಳ ನಿಜವಾದ ಹಿರಿಮೆ. ನನ್ನ ಗೋತ್ರವಿಲ್ಲದ್ದರ ಮೂತಿಯ ಮರೆಯೆಷ್ಟು ಸಣ್ಣದೆಂದರೆ, ಒಂದು ತಿರುವು ಹೆಚ್ಚು ಬಿಗಿದರೆ ಮುರಿದು ಒಳಗೇ ಉಳಿದೀತು. ಒಳಗಿನ ರಬ್ಬರ್ ಬಳೆಗಳು ಕಟುವಾದ ಥಿನ್ನರಿಗೆ ಊದಿಕೊಳ್ಳುತ್ತವೆ. ಆದ್ದರಿಂದ ಕೊಳ್ಳುವಾಗಲೇ ಒಂದು ಸೂಜಿ, ಒಂದು ಮೂತಿ ಹೆಚ್ಚಿಗೆ ತಂದಿಟ್ಟುಕೊಳ್ಳುವುದು ಲೇಸು.

ಆ ಮೇಲಿನ ಆರು ವಾರ ನಮ್ಮ ಮನೆಯಲ್ಲಿ ಅಪ್ರೆಂಟಿಸ್ ಶಾಲೆ ನಡೆಯಿತು. ವಿದ್ಯಾರ್ಥಿಗಳು ಇಬ್ಬರು: ನಾನು ಮತ್ತು ಪುಟ್ಟಿ. ಹಿತ್ತಿಲ ಕಡೆಯ ಕೋಣೆ, ತೆರೆದ ಕಿಟಕಿ, ಹೊರಕ್ಕೆ ಗಾಳಿ ಎಳೆಯುವ ಫ್ಯಾನು, ಅದರ ಮುಂದೊಂದು ರಟ್ಟಿನ ಪೆಟ್ಟಿಗೆ. ಇದ್ದಿಲಿನ ಡಬ್ಬಿಗಳಿರುವ ಮುಖವಾಡವನ್ನು ಹಾಕಿಕೊಳ್ಳದೆ ಗುಂಡಿ ಮುಟ್ಟುವಂತಿಲ್ಲ. ಬಟ್ಟೆಯ ಮಾಸ್ಕು ಸಾಲದೇ ಎಂದು ನಾನು ಕೇಳಿದ್ದಕ್ಕೆ, "ಬಟ್ಟೆ ಹೊಗೆಯನ್ನು ಹಿಡಿಯುತ್ತದೆಯೇನೋ?" ಎಂದು ಗದರಿದರು. ಥಿನ್ನರಿನ ಕೆಲಸ ದೊಡ್ಡವರದು. ಪುಟ್ಟಿಗೆ ನೀರಿನಲ್ಲಿ ಕದಡುವ ಬಣ್ಣ ಮಾತ್ರ.

ಬಣ್ಣದ ಹದ ಹಾಲಿನಂತಿರಬೇಕು. ಮಜ್ಜಿಗೆಯಾದರೆ ಮೂತಿ ಕಟ್ಟುತ್ತದೆ; ನೀರಾದರೆ ಜೇಡನ ಕಾಲಿನಂತೆ ನಾಲ್ಕು ದಿಕ್ಕಿಗೆ ಹರಿಯುತ್ತದೆ. ಒತ್ತಡ ಹದಿನೈದರಿಂದ ಇಪ್ಪತ್ತು ಪೌಂಡು, ದೂರ ನಾಲ್ಕು ಬೆರಳು. ರೆಕ್ಕೆಯ ಅಂಚಿಗೆ ಮುಂಚೆಯೇ ಗುಂಡಿ ಒತ್ತಿರಬೇಕು, ಅಂಚು ದಾಟಿದ ಮೇಲೆಯೇ ಬಿಡಬೇಕು. "ಕೈ ತೂಗಬಾರದು, ಕೈ ಜಾರಬೇಕು" ಎಂದು ಅಪ್ಪ ನನ್ನ ಮಣಿಕಟ್ಟನ್ನು ಹಿಡಿದು ಹಳೆಯ ಕ್ಯಾಲೆಂಡರಿನ ಹಿಂಬದಿಯ ಮೇಲೆ ಎಳೆಸಿದರು. ಬಾಲ್ಯದಲ್ಲಿ ಅಕ್ಕಿಯ ಮೇಲೆ ಓಂಕಾರವನ್ನು ತಿದ್ದಿಸಿದ ಕೈ ಅದೇ. ಈಗ ಅದರ ಚರ್ಮ ತೆಳ್ಳಗಾಗಿದೆ. ಹಿಡಿತ ಮಾತ್ರ ಸಡಿಲವಾಗಿರಲಿಲ್ಲ. ಅವರು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಬಣ್ಣ ಸರಿಯಾಗಿ ಹೊರಟರೆ ಒಂದು ಸದ್ದು, ದೂರವಾದರೆ ಒಂದು ಸದ್ದು, ಬಟ್ಟಲು ಬರಿದಾಗುತ್ತಿದ್ದರೆ ಇನ್ನೊಂದು. "ಬಣ್ಣ ಮುಗಿಯಿತು" ಎಂದು ಅವರು ಹೇಳಿದ ಎರಡು ಕ್ಷಣಕ್ಕೆ ಸರಿಯಾಗಿ ನನಗೆ ಬರಿ ಗಾಳಿ ಬರುತ್ತಿದ್ದಿತು.

ಹೊಡೆಯುವುದು ಹತ್ತು ನಿಮಿಷ, ತೊಳೆಯುವುದು ಇಪ್ಪತ್ತು ನಿಮಿಷ. ಅಂಗಡಿಯವರು ಯಾರೂ ಹೇಳದ ವಿಷಯವಿದು. ಒಂದು ರಾತ್ರಿ ತೊಳೆಯದೆ ಮಲಗಿದರೆ ಬೆಳಗ್ಗೆ ಸಾವಿರದ ಪೆನ್ನೂ ಹತ್ತು ಸಾವಿರದ ಪೆನ್ನೂ ಸರಿಸಮಾನ.

ಕೊನೆಗೆ ೨೦೨೪ರ ಯುಗಾದಿಯ ಹಿಂದಿನ ಭಾನುವಾರ ವ್ಯಾಂಪೈರಿಗೆ ಬೆಳ್ಳಿಯನ್ನು ಕೊಟ್ಟೆವು. ಹಿಂದಿನ ನನ್ನ ಸುಣ್ಣವನ್ನೆಲ್ಲ ಕರಗಿಸಿ ತೆಗೆದು, ಬೂದು ಬಣ್ಣದ ತಳವನ್ನು ಕೊಟ್ಟು, ಅದರ ಮೇಲೆ ತೆಳ್ಳಗೆ ನಾಲ್ಕು ಸಲ. ರೆಕ್ಕೆಯ ಮೇಲಿನ ವೃತ್ತಗಳನ್ನು—ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು—ಪುಟ್ಟಿ ಕಾಗದವನ್ನು ಕತ್ತರಿಸಿಟ್ಟುಕೊಂಡು ತಾನೇ ಹೊಡೆದಳು. ಎರಡು ದಿನ ಒಣಗಲು ಬಿಟ್ಟು, ಯುಗಾದಿಯ ಬೆಳಗ್ಗೆ, ಬೇವುಬೆಲ್ಲವಾದ ಮೇಲೆ, ಅಪ್ಪನ ಅಂಗೈಯಲ್ಲಿ ಇಟ್ಟೆನು. ಮನೆಯವರೆಲ್ಲ ಸುತ್ತ ನಿಂತಿದ್ದೆವು.

ಹೆಬ್ಬೆರಳು ಬಲದ ರೆಕ್ಕೆಯ ಬುಡದಿಂದ ತುದಿಗೆ ಹೋಯಿತು. ಎಡದ ರೆಕ್ಕೆಯ ಮೇಲೆ ಹೋಯಿತು. ಮೊಟ್ಟೆಯಂಥ ಒಡಲಿನ ಸುತ್ತ ಒಂದು ಸಲ ಬಳಸಿ, ಮರದ ಭಾಗವಿರಬೇಕಾದ ಕಡೆ ಸ್ವಲ್ಪ ಹೊತ್ತು ನಿಂತಿತು. ಮುಖದಲ್ಲಿ ಏನೂ ತಿಳಿಯಲಿಲ್ಲ. ಆಮೇಲೆ ಕಿರುಬೆರಳನ್ನು ಹಿಂದಿನ ಎರಡು ದಂಡಗಳ ನಡುವಣ ಸಂದಿಗೆ ತೂರಿಸಿದರು. ಬೆರಳು ಅಲ್ಲಿಯೇ ತಡೆಯಿತು.

"ಇಲ್ಲಿ ಒರಟಾಗಿದೆ. ಸಂದಿಯಲ್ಲಿ ಗಾಳಿ ತಿರುಗಿ ಹೊಡೆದು ಬಣ್ಣ ಒಣಗಿ ಕೂತಿದೆ. ಒತ್ತಡ ಇಳಿಸಿಕೊಳ್ಳಬೇಕಾಗಿತ್ತು."

"ಅದು ಯಾರಿಗೂ ಕಾಣಿಸುವುದಿಲ್ಲವಪ್ಪ" ಎಂದೆನು.

"ನನಗೆ ಕಾಣಿಸುತ್ತಿದೆಯಲ್ಲ!"

ಪುಟ್ಟಿ ಕಿಸಕ್ಕನೆ ನಕ್ಕಳು. ಅಪ್ಪನೂ ನಕ್ಕರು. ನನ್ನಾಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಒಬ್ಬಟ್ಟಿನ ಹೂರಣ ರುಬ್ಬಬೇಕೆಂದು ಗೊಣಗಿ ಒಳಗೆ ಹೋದಳು. ತುಸು ಹೊತ್ತಿನಲ್ಲಿ ಗ್ರೈಂಡರು ಕರಕರನೆ ಅಳಲು ಮೊದಲುಮಾಡಿತು. ನಾನು ನುಣುಪಾದ ಎಮರಿ ಕಾಗದವನ್ನು ನೀರಿನಲ್ಲಿ ನೆನೆಹಾಕಿದೆನು. ಅಪ್ಪ ಗೋಡೆಯನ್ನು ಸವರಿಕೊಂಡು ಹಿತ್ತಿಲ ಕೋಣೆಗೆ ನಡೆದು, ಮೊಳೆಗೆ ತಗುಲಿಹಾಕಿದ್ದ ಮುಖವಾಡವನ್ನು ತೆಗೆದು, ನಾನಿರಬೇಕಾದ ದಿಕ್ಕಿಗೆ ಚಾಚಿ ಹಿಡಿದರು.